ಬಿಟ್ಟುಹೋದ ಸಾಲು

ಆ ಮನೆಯಲ್ಲಿ ಗ್ಯಾಸಿನ ಗುಳಿಗೆಯನ್ನು ಯಾರೂ ಔಷಧಿ ಎಂದು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಔಷಧಿ ಎಂದರೆ ಬೀರುವಿನಲ್ಲಿ, ಬಟ್ಟೆಗಳ ಹಿಂದೆ, ಡಾಕ್ಟರ ಚೀಟಿಯ ಜೊತೆ ಇರಬೇಕಾದದ್ದು. ಗ್ಯಾಸಿನ ಗುಳಿಗೆ ಇದ್ದದ್ದು ಅಡಿಗೆಮನೆಯಲ್ಲಿ, ಉಪ್ಪಿನ ಡಬ್ಬಿಗೂ ಚಹಾಪುಡಿಗೂ ನಡುವೆ, ಮುಚ್ಚಳ ಕಳೆದುಹೋದ ಬಿಸ್ಕತ್ತಿನ ಡಬ್ಬಿಯಲ್ಲಿ. ಅದು ಅತ್ತೆಗೆ ಡಾಕ್ಟರೊಬ್ಬರು ಹದಿನೈದು ದಿನಕ್ಕೆಂದು ಬರೆದುಕೊಟ್ಟದ್ದು. ಹದಿನೈದು ದಿನ ಮುಗಿದು ಮೂರು ವರ್ಷವಾಗಿತ್ತು, ಅತ್ತೆ ಇನ್ನೂ ನುಂಗುತ್ತಲೇ ಇದ್ದಳು. ಅಂಗಡಿಯವನು ಅವಳ ಮುಖ ಕಂಡರೆ ಸಾಕು, ಪೆಟ್ಟಿಗೆಯಿಂದ ಎರಡು ಪಟ್ಟಿ ಎಳೆದು ಕೊಡುತ್ತಿದ್ದ. ಪೆಟ್ಟಿಗೆಯೂ ಅದರೊಳಗಿನ ಕಾಗದವೂ ಅಂಗಡಿಯಲ್ಲೇ ಉಳಿಯುತ್ತಿದ್ದವು.

ಕಾಗದದ ಮಾತು ಬಂತಲ್ಲ, ಸೊಸೆಯ ಕೆಲಸವೇ ಅದು. ಔಷಧಿ ಪೆಟ್ಟಿಗೆಯೊಳಗೆ ಸಾಸಿವೆಗಿಂತ ಸಣ್ಣ ಅಕ್ಷರದ ಒಂದು ಕಾಗದ ಇರುತ್ತದೆ, ಜನ ಅದನ್ನು ಬಿಚ್ಚದೆ ಎಸೆಯುತ್ತಾರೆ. ಅದನ್ನು ಮುದ್ರಣಾಲಯದ ಹಿಂದಿನ ಕೋಣೆಯಲ್ಲಿ ಕೂತು ಮಡಚುವವರಲ್ಲಿ ಅವಳೂ ಒಬ್ಬಳು. ಒಂದು ಕಾಗದಕ್ಕೆ ಎಂಟು ಮಡಿಕೆ, ಹೆಬ್ಬೆರಳಿಗೆ ರಬ್ಬರಿನ ಟೋಪಿ, ಗಂಟೆಗೆ ಇನ್ನೂರೈವತ್ತು ಕಾಗದ. "ಓದೋಕಲ್ಲ, ಮಡಚೋಕೆ ಸಂಬಳ" ಎಂದು ಮೇಲ್ವಿಚಾರಕಿ ಮೊದಲ ದಿನವೇ ಹೇಳಿದ್ದಳು. ದಪ್ಪ ಗಾಜು ಹಾಕಿಕೊಂಡಿರುವ ಆ ಹೆಂಗಸಿಗೆ ಎಲ್ಲರೂ ಕನ್ನಡಕದಮ್ಮ ಎನ್ನುತ್ತಿದ್ದರು. ಊಟಕ್ಕೆ ಹನ್ನೆರಡು ನಿಮಿಷ. ಅಷ್ಟರಲ್ಲಿ ಡಬ್ಬಿ ಬಿಚ್ಚಿ, ನುಂಗಿ, ಕಾಗದಕ್ಕೆ ಎಣ್ಣೆ ಹತ್ತದಂತೆ ಕೈ ತೊಳೆದು ಮತ್ತೆ ಕೂರಬೇಕು. ಹೀಗೆ ತಿಂದರೆ ಎದೆಯುರಿ ಬಾರದೆ ಇನ್ನೇನು ಬರುತ್ತದೆ?

"ಯಾಕೇ, ಎದೆ ಒತ್ತಿಕೊಂಡು ಕೂತಿದ್ದೀಯಾ?" ಎಂದು ಅತ್ತೆ ಒಂದು ಸಂಜೆ ಕೇಳಿದಳು.

"ಉರಿ ಅತ್ತೆ. ಹುಳಿತೇಗು ಬೇರೆ."

"ಬಾಯಿ ತೆಗಿ."

ಸೊಸೆ ಬಾಯಿ ತೆರೆದಳು. ಅತ್ತೆ ಒಂದು ಗುಳಿಗೆಯನ್ನು ನಾಲಿಗೆಯ ಮೇಲಿಟ್ಟು ನೀರಿನ ಲೋಟ ಹಿಡಿದಳು. "ದಿನಾ ಊಟಕ್ಕೆ ಮುಂಚೆ ಒಂದೊಂದು ನುಂಗು. ನನ್ನ ಹೊಟ್ಟೆ ಉಳಿಸಿದ್ದೇ ಇದು."

ಮದುವೆಯಾಗಿ ನಾಲ್ಕು ವರ್ಷವಾಗಿತ್ತು. ಅತ್ತೆ ಸೊಸೆಯ ಬಾಯಿಗೆ ಏನನ್ನಾದರೂ ಕೈಯಾರೆ ಇಟ್ಟದ್ದು ಅದೇ ಮೊದಲು. ಸೊಸೆಗೆ ತಾಯಿ ಇರಲಿಲ್ಲ, ತವರು ಎಂದರೆ ಒಬ್ಬ ಅಣ್ಣನ ಫೋನ್ ನಂಬರು, ಅಷ್ಟೇ. ಉರಿ ಹೋದದ್ದಕ್ಕಿಂತ ಆ ಕೈ ನೆನಪಿನಲ್ಲಿ ಉಳಿಯಿತು. ಮರುದಿನದಿಂದ ಅತ್ತೆ ಪಟ್ಟಿಯಿಂದ ಒಂದು ಗುಳಿಗೆಯನ್ನು ಹಾಳೆ ಸಮೇತ ಕತ್ತರಿಸಿ ಸೊಸೆಯ ಊಟದ ಡಬ್ಬಿಯ ಮುಚ್ಚಳದ ಮೇಲಿಡತೊಡಗಿದಳು. ಒಂದು ದಿನವೂ ತಪ್ಪಿಸಲಿಲ್ಲ.

ಮೂರನೆಯ ತಿಂಗಳಿಗೆ ಮುಟ್ಟು ತಪ್ಪಿತು.

ಸೊಸೆ ಯಾರಿಗೂ ಹೇಳಲಿಲ್ಲ, ಆದರೆ ಆ ಮನೆಯಲ್ಲಿ ಹೇಳುವ ಅಗತ್ಯವೂ ಇರಲಿಲ್ಲ. ಹಿತ್ತಲಿನ ಹಗ್ಗದಲ್ಲಿ ಗೋಡೆ ಪಕ್ಕದ ಮೂಲೆ, ದೊಡ್ಡ ಟವೆಲಿನ ಮರೆಯ ಜಾಗ, ಅವಳ ಮುಟ್ಟಿನ ಬಟ್ಟೆಗಳದ್ದು. ದಿನ ದಾಟಿಯೂ ಆ ಮೂಲೆ ಎರಡು ವಾರ ಖಾಲಿ ಉಳಿದರೆ ಅತ್ತೆಯ ಕಣ್ಣಿಗೆ ಬೀಳದೆ ಇರುತ್ತದೆಯೇ?

"ಬಕೆಟ್ ಎತ್ತಬೇಡ, ನಾನೆತ್ತುತೀನಿ" ಎಂದಳು ಅತ್ತೆ, ಒಂದು ಬೆಳಿಗ್ಗೆ.

"ನಿಮಗೆ ಸೊಂಟ ನೋವು ಅತ್ತೆ."

"ನನ್ನ ಸೊಂಟದ ಚಿಂತೆ ನಿನಗ್ಯಾಕೆ? ಹೋಗು, ಕೂತ್ಕೊ. ಮೊಟ್ಟೆ ಬೇಯಿಸಿದ್ದೀನಿ."

ಸುಲಿದ ಮೊಟ್ಟೆ ತಟ್ಟೆಯಲ್ಲಿ ಕೂತಿತ್ತು, ಅವಳದೊಂದರಲ್ಲೇ. ಗಂಡ ಲಿಫ್ಟ್ ರಿಪೇರಿ ಮಾಡುವವನು. ದಿನವೆಲ್ಲ ಯಾರ್ಯಾರದೋ ಕಟ್ಟಡಗಳಲ್ಲಿ ಏರಿ ಇಳಿದು ಗ್ರೀಸಿನ ಕೈಯಲ್ಲಿ ಮನೆಗೆ ಬರುವ ಅವನನ್ನು ಅಪ್ಪನೂ 'ಲಿಫ್ಟು' ಎಂದೇ ಕರೆಯುತ್ತಿದ್ದ. ಅವನೂ ಬೇಗ ಬರತೊಡಗಿದ. ಬರುವಾಗ ಕಿತ್ತಳೆ ಹಣ್ಣು ತರುತ್ತಿದ್ದ, ತಾನೇ ಸುಲಿದು ಬೀಜ ತೆಗೆದು ಕೊಡುತ್ತಿದ್ದ. ಮಾವ ಕಿಟಕಿಯ ಬಳಿ ಕೂತು ಕೈಗಡಿಯಾರ ರಿಪೇರಿ ಮಾಡುವವನು. ಅವನ ಎಡಗಿವಿ ಪೂರ್ತಿ ಕಿವುಡು, ಬಲಗಿವಿ ಮುಕ್ಕಾಲು. "ಏನಂತೆ? ಏನಂತೆ?" ಎಂದು ಅವನು ಕೇಳಿದರೆ ಅತ್ತೆ ಅವನ ಬಲಗಿವಿಗೆ ಬಾಯಿಟ್ಟು, "ಅಜ್ಜ ಆಗ್ತೀರಿ!" ಎಂದು ಕೂಗುತ್ತಿದ್ದಳು. ಬೀದಿಗೆಲ್ಲ ಕೇಳುತ್ತಿತ್ತು.

"ಇನ್ನೂ ಗೊತ್ತಿಲ್ಲ ಅತ್ತೆ, ಪರೀಕ್ಷೆ ಮಾಡಿಸಿಲ್ಲ" ಎಂದು ಸೊಸೆ ಹೇಳಿದಳು.

"ಪರೀಕ್ಷೆಯಂತೆ! ನಾನು ಯಾವ ಪರೀಕ್ಷೆ ಮಾಡಿಸಿ ಇವನನ್ನ ಹೆತ್ತೆ?"

ಸುಳ್ಳೇಕೆ, ಸೊಸೆಯೂ ನಂಬಿದಳು. ಆ ಮನೆಯಲ್ಲಿ ಯಾರೋ ತನಗಾಗಿ ಬಕೆಟ್ ಎತ್ತುತ್ತಿದ್ದಾರೆ ಎನ್ನುವುದೇ ಅವಳಿಗೆ ಸಾಕಾಗಿತ್ತು. ಇನ್ನೂ ನಾಲ್ಕು ದಿನ ಇರಲಿ ಎಂದು ಪರೀಕ್ಷೆಯನ್ನು ಅವಳೇ ಮುಂದೆ ಹಾಕಿದಳು. ಕೊನೆಗೆ ಗಂಡನೇ ಅಂಗಡಿಯಿಂದ ಕಡ್ಡಿ ತಂದ. ಒಂದೇ ಗೆರೆ ಬಂತು. ಮರುವಾರ ಇನ್ನೊಂದು ಕಡ್ಡಿ, ಅದರಲ್ಲೂ ಒಂದೇ ಗೆರೆ. ಆಸ್ಪತ್ರೆಯಲ್ಲಿ ಹೊಟ್ಟೆಯ ಸ್ಕ್ಯಾನ್ ಮಾಡಿ, "ಗರ್ಭ ಇಲ್ಲ" ಎಂದರು.

ಮರುದಿನ ತಟ್ಟೆಯಲ್ಲಿ ಮೊಟ್ಟೆ ಇರಲಿಲ್ಲ. ಬಕೆಟ್ ನಲ್ಲಿಯ ಕೆಳಗೆ ತುಂಬಿ ಚೆಲ್ಲುತ್ತಿತ್ತು, ಸೊಸೆ ಹೋಗಿ ಎತ್ತಿದಳು. ಗುಳಿಗೆ ಮಾತ್ರ ಡಬ್ಬಿಯ ಮೇಲೆ ಎಂದಿನಂತೆ ಇತ್ತು. ಅತ್ತೆ ಪೂರ್ತಿ ಕೈಬಿಟ್ಟಿಲ್ಲ ಎಂದು ಸೊಸೆ ಅದನ್ನು ನೋಡಿಯೇ ಸಮಾಧಾನ ಪಟ್ಟುಕೊಂಡಳು.

ಅದಾಗಿ ಹತ್ತು ದಿನಕ್ಕೆ, ಮಡಚುತ್ತ ಕೂತಿದ್ದಾಗ ಅವಳ ರವಿಕೆ ಒದ್ದೆಯಾಯಿತು. ನೀರು ಚೆಲ್ಲಿಕೊಂಡೆನೇ ಎಂದುಕೊಂಡಳು. ಬಚ್ಚಲಿಗೆ ಹೋಗಿ ನೋಡಿದರೆ ಹಾಲು. ಎರಡೂ ಕಡೆ, ತೆಳ್ಳಗೆ. ಒತ್ತಿದರೆ ಇನ್ನೂ ಬಂತು. ಕರವಸ್ತ್ರ ಹರಿದು ಒಳಗಿಟ್ಟುಕೊಂಡು ಬಂದು ಮತ್ತೆ ಮಡಚತೊಡಗಿದಳು. ಯಾರಿಗೆ ಹೇಳುವುದು? ಅಣ್ಣನಿಗೆ ಫೋನ್ ಮಾಡಿ ಹೇಳುವ ಮಾತೇ ಇದು?

ರವಿಕೆಯನ್ನು ಅವಳೇ ಒಗೆದು ಒಣಹಾಕುತ್ತಿದ್ದಳು. ಆದರೆ ಹಾಲಿನ ಕಲೆ ನೀರಿಗೆ ಅಷ್ಟು ಸುಲಭವಾಗಿ ಬಿಡುವುದಿಲ್ಲ, ಮತ್ತು ಹಗ್ಗ ಅತ್ತೆಯದು. ನಾಲ್ಕು ದಿನ ಅತ್ತೆ ಹಗ್ಗ ನೋಡಿದಳು. ಐದನೆಯ ದಿನ, ಭಾನುವಾರ ಮಧ್ಯಾಹ್ನ, ಎಲ್ಲರೂ ಊಟಕ್ಕೆ ಕೂತಿದ್ದಾಗ, ಅನ್ನದ ಸೌಟು ಕೈಯಲ್ಲೇ ಹಿಡಿದು ಕೇಳಿದಳು.

"ಮದುವೆಗೆ ಮುಂಚೆ ಹಾಸ್ಟೆಲಿನಲ್ಲಿ ಎಷ್ಟು ವರ್ಷ ಇದ್ದೆ ಅಂದೆ?"

"ಎರಡು ವರ್ಷ ಅತ್ತೆ. ಯಾಕೆ?"

"ಹೆತ್ತವಳ ಎದೆಲಿ ಮಾತ್ರ ಹಾಲು ಬರೋದು. ನಾನೂ ಹೆತ್ತಿದ್ದೀನಿ, ನನಗೆ ಹೇಳ್ಕೊಡಬೇಡ. ಈ ಮನೆಗೆ ಬರೋಕೆ ಮುಂಚೆ ಏನಾದ್ರೂ ಆಗಿತ್ತಾ?"

ಸೊಸೆಯ ಕೈ ತುತ್ತಿನ ಸಮೇತ ನಿಂತಿತು. "ಏನು ಕೇಳ್ತಿದ್ದೀರಿ ಅತ್ತೆ?"

"ಬೆಂಕಿ ಇಲ್ಲದೆ ಹೊಗೆ ಆಡಲ್ಲ. ಆಗಿದ್ರೆ ಆಗಿದೆ ಅನ್ನು. ಹಾಗೆ ಏನೋ ಮಾಡಿಸ್ಕೊಂಡಿದ್ದಕ್ಕೇ ಈಗ ನಿಲ್ತಿಲ್ವೇನೋ."

ಸೊಸೆ ಗಂಡನ ಕಡೆ ತಿರುಗಿದಳು. ಒಂದು ಮಾತು ಸಾಕಾಗಿತ್ತು. 'ಅಮ್ಮಾ' ಎಂದು ಗದರಿದ್ದರೂ ಸಾಕಿತ್ತು. ಅವನು ತಟ್ಟೆ ನೋಡುತ್ತ ಅನ್ನವನ್ನು ಬೆರಳಿನಿಂದ ಒಂದು ಕಡೆಗೆ ಒಟ್ಟುತ್ತಿದ್ದ. ಒಟ್ಟಿದ, ಕಲೆಸಿದ, ಮತ್ತೆ ಒಟ್ಟಿದ.

"ಏನಂದ್ಲು?" ಎಂದು ಮಾವ ಕೇಳಿದ.

"ಉಪ್ಪು ಬೇಕಾ ಅಂತ ಕೇಳ್ದೆ" ಎಂದು ಅತ್ತೆ ಕೂಗಿ ಹೇಳಿದಳು.

ಆಮೇಲೆ ಆ ಮನೆಯಲ್ಲಿ ಜಗಳವೂ ಆಗಲಿಲ್ಲ. ಜಗಳವಾಗಿದ್ದರೆ ಒಳ್ಳೆಯದಿತ್ತು. ಗಂಡನಿಗೆ ದೂರದ ಕಟ್ಟಡವೊಂದರಲ್ಲಿ ಕೆಲಸ ಜಾಸ್ತಿಯಾಯಿತು. ಬರುತ್ತಿದ್ದ, ಉಣ್ಣುತ್ತಿದ್ದ, "ಸಾಕಾಯ್ತು" ಎಂದು ಗೋಡೆ ಕಡೆ ತಿರುಗಿ ಮಲಗುತ್ತಿದ್ದ. ಅವಳು ಎರಡು ಸಲ ಅವನ ಹೆಗಲು ಮುಟ್ಟಿ, "ನೀನೂ ಹಾಗೇ ಅಂದ್ಕೊಂಡಿದ್ದೀಯಾ?" ಎಂದು ಕೇಳಿದಳು. "ನಾನೇನೂ ಅಂದಿಲ್ವಲ್ಲ" ಎಂದ. ಅದು ನಿಜವೂ ಆಗಿತ್ತು.

ಮತ್ತೆ ಆಸ್ಪತ್ರೆಗೆ ಅವಳು ಒಬ್ಬಳೇ ಹೋದಳು. ಡಾಕ್ಟರಮ್ಮ ಒಳ್ಳೆಯವಳು, ಅವಸರದವಳು. ರಕ್ತ ಪರೀಕ್ಷೆಯ ಕಾಗದ ನೋಡಿ ಹೇಳಿದಳು: "ಬಾಣಂತಿಯರಿಗೆ ಹಾಲು ಬರಿಸೋ ಹಾರ್ಮೋನು ನಿಮ್ಮಲ್ಲಿ ಮೂರು ಪಟ್ಟು ಏರಿದೆ. ನೀವು ಮಗುಗೆ ಹಾಲು ಕೊಡ್ತಿದ್ದೀರಿ ಅಂತ ನಿಮ್ಮ ದೇಹಕ್ಕೆ ಯಾರೋ ಸುಳ್ಳು ಸುದ್ದಿ ಕೊಟ್ಟ ಹಾಗೆ. ಅದಕ್ಕೇ ಅಂಡ ಬಿಡುಗಡೆ ಆಗ್ತಿಲ್ಲ, ಮುಟ್ಟೂ ಇಲ್ಲ. ಯಾವುದಾದ್ರೂ ಔಷಧಿ ತಗೋತಿದ್ದೀರಾ?"

"ಇಲ್ಲ ಡಾಕ್ಟ್ರೇ."

"ಯೋಚಿಸಿ ಹೇಳಿ. ಯಾವುದೂ ಇಲ್ವಾ?"

"ಯಾವುದೂ ಇಲ್ಲ. ನನಗೆ ಕಾಯಿಲೆ ಅಂತ ಏನೂ ಇಲ್ವಲ್ಲ."

"ಹಾಗಿದ್ರೆ ತಲೆ ಸ್ಕ್ಯಾನ್ ಮಾಡಿಸಬೇಕು. ತಲೆಯೊಳಗೆ ಸಣ್ಣ ಗಡ್ಡೆ ಇದ್ರೂ ಹೀಗಾಗುತ್ತೆ. ಹೆದರಬೇಡಿ."

ಹೆದರಬೇಡಿ ಎಂದರೆ ಹೆದರಿಕೆ ಹೋಗುತ್ತದೆಯೇ? ಸ್ಕ್ಯಾನಿಗೆ ಮೂರು ವಾರದ ನಂತರದ ದಿನ ಸಿಕ್ಕಿತು. ಮನೆಗೆ ಬಂದು ಹೇಳಿದಳು. "ಎದೆಗೂ ತಲೆಗೂ ಏನು ಸಂಬಂಧ?" ಎಂದು ಅತ್ತೆ ಪಾತ್ರೆ ಉಜ್ಜುತ್ತಲೇ ಹೇಳಿದಳು, "ಡಾಕ್ಟ್ರಿಗೂ ಕಥೆ ಕಟ್ಟಿ ಬಂದೆಯಾ?"

ಆ ವಾರವೇ ಮುದ್ರಣಾಲಯದಲ್ಲಿ ಗಲಾಟೆಯಾಯಿತು. ಔಷಧಿ ಕಂಪನಿಯೊಂದು ನಲವತ್ತು ಸಾವಿರ ಕಾಗದಗಳನ್ನು ಮೂಟೆ ಕಟ್ಟಿ ವಾಪಸು ಕಳಿಸಿತ್ತು. ಅಚ್ಚಿನಲ್ಲಿ ಒಂದು ಸಾಲು ಬಿಟ್ಟುಹೋಗಿತ್ತು. ಎಲ್ಲದರಲ್ಲೂ ಬಿಟ್ಟಿದ್ದರೆ ಸುಡಬಹುದಿತ್ತು, ಆದರೆ ಕೆಲವುಗಳಲ್ಲಿ ಸಾಲು ಇತ್ತು, ಕೆಲವುಗಳಲ್ಲಿ ಇರಲಿಲ್ಲ, ಎರಡೂ ಕಲೆತುಹೋಗಿದ್ದವು. ಕನ್ನಡಕದಮ್ಮ ಕೋಣೆಯ ನಡುವೆ ನಿಂತು ಕೈ ಎತ್ತಿದಳು.

"ಮಡಚೋದು ನಿಲ್ಲಿಸಿ. ನಮ್ಮ ಭಾಷೆಯ ಕಡೆ ತಿರುಗಿಸಿ, ಹನ್ನೊಂದನೇ ಸಾಲು ನೋಡಿ. ಇದ್ರೆ ಎಡಕ್ಕೆ, ಇಲ್ಲದಿದ್ರೆ ಬಲಕ್ಕೆ. ನಾಳೆ ಯಾರ ಮನೇಲಿ ಭೂತಗನ್ನಡಿ ಇದೆಯೋ ತನ್ನಿ."

ಮಾವನ ಹತ್ತಿರ ಇತ್ತು, ಗಡಿಯಾರದವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥದ್ದು. "ಬೀಳಿಸಬೇಡ ಕಣಮ್ಮ" ಎಂದು ಅವನು ಅದನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟ. "ನನ್ನ ಒಂದು ಕಣ್ಣೇ ಅದು."

ಮರುದಿನ ಬೆಳಿಗ್ಗೆಯಿಂದ ಸೊಸೆ ಕಾಗದ ನೋಡಿದಳು. ಓದಲಿಲ್ಲ, ನೋಡಿದಳು. ಹತ್ತನೆಯ ಸಾಲು ಗಿಡ್ಡ, ಹನ್ನೊಂದನೆಯದು ಅಂಚಿನವರೆಗೆ ಉದ್ದ. ಉದ್ದವಿದ್ದರೆ ಎಡಕ್ಕೆ, ಇಲ್ಲದಿದ್ದರೆ ಬಲಕ್ಕೆ. ಊಟದ ಹೊತ್ತಿಗೆ ಐನೂರು ದಾಟಿತ್ತು. ಡಬ್ಬಿ ತೆಗೆದಳು. ಮುಚ್ಚಳದ ಮೇಲೆ ಗುಳಿಗೆ ಇತ್ತು. ಹಾಳೆ ಹರಿಯಲು ಹೋದಳು, ಭೂತಗನ್ನಡಿ ಇನ್ನೂ ಕಣ್ಣಿನಲ್ಲೇ ಇತ್ತು. ಹಾಳೆಯ ಹಿಂದಿನ ಹೆಸರು ಬೆಟ್ಟದಷ್ಟಾಗಿ ಕಂಡಿತು. ಬೆಳಿಗ್ಗೆಯಿಂದ ಐನೂರು ಸಲ ಕಾಗದದ ತಲೆಯ ಮೇಲೆ ಕಣ್ಣು ಹಾಯಿಸಿದ್ದಳಲ್ಲ, ಅದೇ ಹೆಸರು. ಅದರಲ್ಲಿ ಆಶ್ಚರ್ಯವೇನೂ ಇರಲಿಲ್ಲ, ಅರ್ಧ ಊರು ನುಂಗುವ ಗುಳಿಗೆ ಅದು. ಆಗ ಅವಳು ಎಡಗಡೆಯ ರಾಶಿಯಿಂದ ಒಂದು ಕಾಗದ ಎತ್ತಿಕೊಂಡು ಮೊದಲ ಬಾರಿಗೆ ಹನ್ನೊಂದನೆಯ ಸಾಲನ್ನು ಓದಿದಳು.

'ಮುಟ್ಟು ತಡವಾಗುವುದು ಅಥವಾ ನಿಲ್ಲುವುದು. ಗರ್ಭಿಣಿ ಅಥವಾ ಬಾಣಂತಿ ಅಲ್ಲದವರಲ್ಲಿಯೂ ಎದೆಹಾಲು ಒಸರುವುದು.'

ಇನ್ನೊಂದು ಕಾಗದ ತೆಗೆದು ಓದಿದಳು. ಅದರಲ್ಲೂ ಅದೇ. ಐದಾರು ನೋಡಿದಳು, ಯಾವುದಾದರೂ ಒಂದರಲ್ಲಿ ಬೇರೆ ಇರಬಹುದೇನೋ ಎಂಬಂತೆ.

"ಕನ್ನಡಕದಮ್ಮ, ಈ ಸಾಲು ನಿಜವಾ?"

"ನಿಜ ಅಲ್ದೆ ನಲವತ್ತು ಸಾವಿರ ವಾಪಸು ಕಳಿಸ್ತಾರಾ? ಊಟ ಮುಗಿಸು, ಎರಡು ನಿಮಿಷ ಉಳಿದಿದೆ."

ಅವಳು ಗುಳಿಗೆ ನುಂಗಲಿಲ್ಲ, ಊಟವನ್ನೂ ಮಾಡಲಿಲ್ಲ. ಮೊದಲು ಬಂದದ್ದು ಸಮಾಧಾನ, ತಲೆಯಲ್ಲಿ ಗಡ್ಡೆ ಇರಲಿಕ್ಕಿಲ್ಲ. ಅದರ ಹಿಂದೆಯೇ ಸಿಟ್ಟು ಬಂತು, ಎಂಥ ಸಿಟ್ಟೆಂದರೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅಳಬೇಕಾಯಿತು.

ಸಂಜೆ ನೇರ ಆಸ್ಪತ್ರೆಗೆ ಹೋದಳು. ಡಾಕ್ಟರಮ್ಮ ಹಾಳೆಯ ತುಂಡು ನೋಡಿ ಹಣೆ ಚಚ್ಚಿಕೊಂಡಳು. "ಅಯ್ಯೋ, ಇದೇ ಕಣ್ರೀ! ಅವತ್ತು ಎರಡು ಸಲ ಕೇಳಿದ್ನಲ್ಲ, ಔಷಧಿ ತಗೋತೀರಾ ಅಂತ?"

"ನೀವು ಔಷಧಿ ಅಂದ್ರಿ. ಇದು ಉಪ್ಪಿನ ಡಬ್ಬಿ ಪಕ್ಕದಲ್ಲಿತ್ತು."

ಡಾಕ್ಟರಮ್ಮ ನಗಲಿಲ್ಲ. "ಇದನ್ನ ನಿಲ್ಲಿಸಿ. ಎರಡು ವಾರಕ್ಕೆ ಮತ್ತೆ ರಕ್ತ ಕೊಡಿ. ಹಾರ್ಮೋನು ಇಳಿದರೆ ಸ್ಕ್ಯಾನೂ ಬೇಡ, ಏನೂ ಬೇಡ. ಉರಿಗೆ ಬೇರೆ ಬರ್ಕೊಡ್ತೀನಿ. ಮನೇಲಿ ಹೇಳಿ ಪಾಪ, ಅವರೂ ಗಾಬರಿಯಾಗಿರ್ತಾರೆ."

ಸೊಸೆ ಮನೆಯಲ್ಲಿ ಹೇಳಲಿಲ್ಲ. ಭಾನುವಾರದವರೆಗೆ ಕಾದಳು. ಡಬ್ಬಿಯ ಮೇಲಿನ ಗುಳಿಗೆಗಳನ್ನು ಹೊರಗೆ ಎಸೆದಳು.

ಕೆಲಸ ಉಳಿದಾಗ ಕಾಗದದ ಕಟ್ಟು ಮನೆಗೆ ತರುವುದಿತ್ತು, ಅತ್ತೆಯೂ ಕೈ ಜೋಡಿಸುವುದಿತ್ತು. ಕೈಚಳಕದಲ್ಲಿ ಅತ್ತೆಯನ್ನು ಮೀರಿಸುವವರಿಲ್ಲ. ಏಳನೆಯ ತರಗತಿಯವರೆಗೆ ಓದಿದ್ದಳು ಕೂಡ. ಆ ಭಾನುವಾರ ಮಧ್ಯಾಹ್ನ ಸೊಸೆ ಒಂದು ಕಟ್ಟನ್ನು ಚಾಪೆಯ ಮೇಲೆ ಬಿಚ್ಚಿ, ಭೂತಗನ್ನಡಿಯನ್ನು ಅತ್ತೆಯ ಕೈಗಿಟ್ಟಳು.

"ಮಡಚೋದಲ್ಲ ಅತ್ತೆ. ಹನ್ನೊಂದನೇ ಸಾಲು ಇದ್ರೆ ಎಡಕ್ಕೆ, ಇಲ್ಲದಿದ್ರೆ ಬಲಕ್ಕೆ."

"ಯಾವ ಸಾಲು ಅಂತ ಹೇಗೆ ಗೊತ್ತಾಗುತ್ತೆ?"

"ಓದಿ, ಗೊತ್ತಾಗುತ್ತೆ."

ಅತ್ತೆ ಗಾಜು ಸಿಕ್ಕಿಸಿಕೊಂಡು ಸಾಲು ಎಣಿಸಿದಳು. ಅಕ್ಷರ ಕೂಡಿಸಿ ಓದುವವಳು, ತುಟಿ ಅಲ್ಲಾಡುತ್ತಿತ್ತು. "ಮುಟ್ಟು... ತಡ... ಇದೆ ಇದರಲ್ಲಿ" ಎಂದು ಎಡಕ್ಕಿಟ್ಟಳು. ಎರಡನೆಯದನ್ನು ಎಡಕ್ಕಿಟ್ಟಳು. ಮೂರನೆಯದರಲ್ಲಿ ಸಾಲು ಇರಲಿಲ್ಲ, ಬಲಕ್ಕೆ ಹೋಯಿತು. ನಾಲ್ಕನೆಯದರ ಮೇಲೆ ತುಟಿ ನಿಂತಿತು. ಸೊಸೆ ಎದುರು ಕೂತು ತನ್ನ ಪಾಲಿನ ಕಾಗದ ನೋಡುತ್ತಿದ್ದಳು, ತಲೆ ಎತ್ತಲಿಲ್ಲ. ಅತ್ತೆ ನಾಲ್ಕನೆಯದನ್ನು ಎಡಕ್ಕೂ ಇಡಲಿಲ್ಲ, ಬಲಕ್ಕೂ ಇಡಲಿಲ್ಲ. ಮೇಲೆ ಹೆಸರಿದ್ದ ಕಡೆ ಗಾಜು ಸರಿಸಿದಳು. ಆಮೇಲೆ ನೆಲಕ್ಕೆ ಕೈಯೂರಿ ಎದ್ದು ಅಡಿಗೆಮನೆಗೆ ಹೋದಳು. ಬಿಸ್ಕತ್ತಿನ ಡಬ್ಬಿ ಎಳೆದ ಸದ್ದು, ಪಟ್ಟಿ ಸರಸರ ಎಂದ ಸದ್ದು.

ಬಾಗಿಲಿಗೆ ಬಂದು ನಿಂತಾಗ ಅವಳ ಮುಖ ಸಣ್ಣದಾಗಿತ್ತು. "ನಾನೇ ಕೊಟ್ಟೆನಲ್ಲೇ. ಕೈಯಾರೆ."

"ಹೌದು."

"ನಂಗೇನೂ ಆಗ್ಲಿಲ್ವಲ್ಲೇ?"

"ನಿಮಗೆ ಮುಟ್ಟು ನಿಂತು ಎಷ್ಟು ವರ್ಷ ಆಯ್ತು ಅತ್ತೆ? ನಿಲ್ಲೋದಕ್ಕೆ ಇನ್ನೇನಿತ್ತು?"

ಅತ್ತೆ ಹೊಸಿಲ ಮೇಲೆ ಕುಸಿದು ಕೂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ನಿನ್ನ ಹೊಟ್ಟೆ ತಣ್ಣಗಿರ್ಲಿ ಅಂತ ಕೊಟ್ಟೆ ಕಣೇ."

"ಗೊತ್ತು. ಗುಳಿಗೆ ಕೊಟ್ಟಿದ್ದಕ್ಕೆ ನನಗೆ ಒಂದು ಚೂರೂ ಬೇಜಾರಿಲ್ಲ."

"ಆ ಮಾತು... ಏನೋ ಬಾಯಿ ತಪ್ಪಿ ಬಂತು."

"ಬಾಯಿ ತಪ್ಪಿ ಬಂದಿದ್ದಲ್ಲ ಅತ್ತೆ. ನಾಲ್ಕು ದಿನ ಹಗ್ಗ ನೋಡಿ, ಯೋಚಿಸಿ, ಅನ್ನ ಬಡಿಸ್ತಾ ಕೇಳಿದ್ದು."

ಅತ್ತೆ ಎದ್ದು ಬಂದು ಚಾಪೆಯ ಮೇಲೆ ಕೂತು ಉಳಿದ ಕಾಗದಗಳನ್ನೆಲ್ಲ ನೋಡಿದಳು. ಪ್ರತಿಯೊಂದನ್ನೂ ಓದಬೇಕಿತ್ತು, ಓದಿದಳು. ಕಣ್ಣಲ್ಲಿ ನೀರು ಬಂದು ಗಾಜು ಮಂಜಾದಾಗಲೆಲ್ಲ ಒರೆಸಿಕೊಂಡು ಮುಂದಿನದನ್ನು ಎತ್ತಿಕೊಂಡಳು. ಸೊಸೆ ಸಾಕು ಎನ್ನಲಿಲ್ಲ.

ಎರಡು ವಾರಕ್ಕೆ ಹಾರ್ಮೋನು ಇಳಿಯಿತು, ತಲೆ ಸ್ಕ್ಯಾನ್ ರದ್ದಾಯಿತು. ಹಾಲು ಮೆಲ್ಲಗೆ ಬತ್ತಿತು. ಗಂಡನಿಗೆ ವಿಷಯವನ್ನು ಅವನ ತಾಯಿಯೇ ಹೇಳಿದಳು. ಅವನು ಮಾರನೆಯ ದಿನ ಕಿತ್ತಳೆ ಹಣ್ಣು ತಂದ. ಬೀಜ ತೆಗೆದು ಬಟ್ಟಲಲ್ಲಿಟ್ಟ. ಬಟ್ಟಲು ಬೆಳಿಗ್ಗೆಯವರೆಗೂ ಹಾಗೇ ಇತ್ತು, ಹಣ್ಣು ಒಣಗಿತ್ತು. ದೂರದ ಕಟ್ಟಡದ ಕೆಲಸವೂ ಅಷ್ಟರಲ್ಲಿ ಮುಗಿದುಹೋಯಿತು, ಆಶ್ಚರ್ಯ!

ಏಳನೆಯ ವಾರ ಅವಳಿಗೆ ಮುಟ್ಟಾಯಿತು. ನಾಲ್ಕು ವರ್ಷ ಪ್ರತಿ ತಿಂಗಳೂ ಯಾವ ಕಲೆಯನ್ನು ನೋಡಿ ಅವಳ ಜೀವ ಬಾಡುತ್ತಿತ್ತೋ, ಅದನ್ನೇ ನೋಡಿ ಬಚ್ಚಲಿನಲ್ಲಿ ನಿಂತು ನಕ್ಕಳು. ನಕ್ಕ ಮೇಲೆ ಯಾರಿಗಾದರೂ ಹೇಳಬೇಕೆನಿಸಿತು. ಬಾಗಿಲು ತೆರೆದು ಹೊರಗೆ ನೋಡಿದಳು. ಅತ್ತೆ ಅಕ್ಕಿ ಆರಿಸುತ್ತಿದ್ದಳು, ಗಂಡ ಬೂಟಿನ ದಾರ ಕಟ್ಟುತ್ತಿದ್ದ, ಮಾವ ಗಡಿಯಾರಕ್ಕೆ ಕಿವಿ ಕೊಟ್ಟಿದ್ದ, ಕೇಳದ ಕಿವಿ. ಮೂರು ಜನರಲ್ಲಿ ಹೇಳಬೇಕೆನಿಸಿದವರು ಯಾರೂ ಇರಲಿಲ್ಲ. ಬಟ್ಟೆ ಒಗೆದು ಹಗ್ಗದ ಮೂಲೆಯಲ್ಲಿ ಹರವಿದಳು. ಟವೆಲು ಮರೆ ಮಾಡಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ತಟ್ಟೆಯಲ್ಲಿ ಸುಲಿದ ಮೊಟ್ಟೆ ಇತ್ತು.

ಅತ್ತೆ ಅನ್ನದ ಸೌಟು ಹಿಡಿದು ಹಿಗ್ಗಿ ನಿಂತಿದ್ದಳು. "ತಿನ್ನು. ರಕ್ತ ಆಗ್ಬೇಕು. ಇನ್ನೇನು, ಗಾಡಿ ದಾರಿಗೆ ಬಂತು. ವರ್ಷದೊಳಗೆ ನೋಡ್ತಿರು."

ಗಂಡನೂ ಅಂದೇ ಮೊದಲು ಧೈರ್ಯ ಮಾಡಿ ಅವಳ ಮುಖ ನೋಡಿದ. "ಎಲ್ಲಾ ಸರಿಹೋಯ್ತಲ್ಲ. ಇನ್ನಾದ್ರೂ ನಗ್ತಾ ಇರು."

ಅವಳು ಮೊಟ್ಟೆಯನ್ನು ತಟ್ಟೆಯ ಅಂಚಿಗೆ ಸರಿಸಿದಳು. ದನಿ ಏರಿಸದೆ ಹೇಳಿದಳು: "ಗುಳಿಗೆ ಬಿಟ್ಟೆ, ಹಾಲು ನಿಂತಿತು, ಮುಟ್ಟು ಬಂತು. ಅವತ್ತು ನಿಮ್ಮಮ್ಮ ಆ ಮಾತು ಕೇಳಿದಾಗ ನೀನು ತಟ್ಟೆ ನೋಡ್ಕೊಂಡು ಕೂತಿದ್ಯಲ್ಲ, ಅದು ಏನು ಬಿಟ್ಟರೆ ಹೋಗುತ್ತೆ? ಅದನ್ನ ಹೇಳು. ಅದನ್ನೂ ಬಿಡ್ತೀನಿ."

ಅತ್ತೆಯ ಸೌಟು ಅಲ್ಲೇ ನಿಂತಿತು.

"ಏನಂದ್ಲು?" ಎಂದು ಮಾವ ಕೇಳಿದ.

ಅತ್ತೆ ಬಾಯಿ ತೆರೆದಳು. ಅಷ್ಟರಲ್ಲಿ ಸೊಸೆಯೇ ಎದ್ದು, ಎಂಜಲು ಕೈಯನ್ನು ಹಿಂದೆ ಹಿಡಿದು, ಮಾವನ ಬಲಗಿವಿಗೆ ಬಗ್ಗಿದಳು. ಅತ್ತೆ ಅಂದು ಅವಳನ್ನು ಏನು ಕೇಳಿದಳು ಎನ್ನುವುದರಿಂದ ಹಿಡಿದು ತಾನು ಈಗ ಏನು ಕೇಳಿದೆ ಎನ್ನುವವರೆಗೆ, ಒಂದು ಮಾತೂ ಬಿಡದೆ ಕೂಗಿ ಹೇಳಿದಳು. ಬೀದಿಗೆಲ್ಲ ಕೇಳಿತು. ಹೇಳಿ ಮುಗಿಸಿ ಬಂದು ತನ್ನ ಜಾಗದಲ್ಲಿ ಕೂತಳು.

ಮಾವ ಹೆಂಡತಿಯನ್ನು ನೋಡಿದ. ಆಮೇಲೆ ಮಗನ ಕಡೆ ತಿರುಗಿದ.

"ನಂಗೇ ಕೇಳಿಸ್ತು" ಎಂದ. "ನೀನು ಉತ್ತರ ಹೇಳೋ, ಲಿಫ್ಟು."

ಗಂಡ ತಲೆ ತಗ್ಗಿಸಿ ತಟ್ಟೆ ನೋಡಿದ. ಅವನಿಗೆ ಇನ್ನೂ ಬಡಿಸಿರಲಿಲ್ಲ.